ಅಜ್ಜಿ ಸೀರೆನಾ, ಬಾಡಿಗೆ ಗೌನಾ? ಅವಾರ್ಡ್ ಫಂಕ್ಷನ್‌ಗೆ ಹೊರಟ ಸಿನಿಮಾ ಹುಚ್ಚಿಗೆ ಒಂದು ಉದ್ದ ಉತ್ತರ

ಪ್ರಶ್ನೆ

"ಅಕ್ಕ, ನಮಸ್ಕಾರ. ನಾನು ವಿರಾಜಪೇಟೆ ಹತ್ರದ ಒಂದು ಊರಿನವಳು, 24 ವರ್ಷ, ಡಿಗ್ರಿ ಮುಗಿಸಿ ಮನೇಲೇ ಇದೀನಿ, ಹೊಲಿಗೆ ಚೆನ್ನಾಗಿ ಬರತ್ತೆ. ಸಿನಿಮಾ ಹುಚ್ಚು ಸ್ವಲ್ಪ ಜಾಸ್ತಿನೇ. ಆಸ್ಕರ್ ದಿನ ಬೆಳಗಿನ ಜಾವ ಎದ್ದು ರೆಡ್ ಕಾರ್ಪೆಟ್ ನೋಡಿ ಯಾರ ಗೌನ್ ಸೂಪರ್ ಯಾರದ್ದು ಡಬ್ಬಾ ಅಂತ ಫ್ರೆಂಡ್ಸ್ ಜೊತೆ ಮಧ್ಯಾಹ್ನದವರೆಗೂ ಕಿತ್ತಾಡೋಳು ನಾನು. ಈಗ ವಿಷಯ ಏನಂದ್ರೆ, ನಮ್ಮ ಕಡೆ ಹುಡುಗರು ಕಾಫಿ ತೋಟದ ಕೆಲಸದವರ ಲೈನ್ ಮನೆ ಕಥೆ ಇಟ್ಕೊಂಡು ಮಾಡಿದ ಒಂದು ಶಾರ್ಟ್ ಫಿಲ್ಮ್‌ಗೆ ಕಾಸ್ಟ್ಯೂಮ್ ನಾನೇ ಮಾಡಿದ್ದೆ, ಅದು ಬೆಂಗಳೂರಿನ ಒಂದು ಅವಾರ್ಡ್ ಫಂಕ್ಷನ್‌ಗೆ ನಾಮಿನೇಟ್ ಆಗಿದೆ, ಟೀಮಿಗೆಲ್ಲಾ ಪಾಸ್ ಬಂದಿದೆ, ರೆಡ್ ಕಾರ್ಪೆಟ್ ಕೂಡ ಇದೆಯಂತೆ. ಒಂದು ಬೊಟೀಕ್‌ನವರು ಗೌನ್ ಬಾಡಿಗೆಗೆ 18 ಸಾವಿರ, ಡೆಪಾಸಿಟ್ 40 ಸಾವಿರ ಅಂತಿದಾರೆ, ಸೀರೆ ಉಟ್ರೆ ಕ್ಯಾಮೆರಾದವರು ತಿರುಗಿಯೂ ನೋಡಲ್ಲ ಅಂತಾನೂ ಹೇಳಿದ್ರು. ನನಗೆ ಆಸೆ ಇರೋದು ಅಜ್ಜಿ ಮದುವೆ ಸೀರೆನ ನಮ್ಮ ಕೊಡವ ಶೈಲೀಲಿ ಉಟ್ಟು, ಅವರ ಕೊಕ್ಕೆತಾತಿ (ಅರ್ಧಚಂದ್ರ ಪದಕದ ಸರ) ಹಾಕ್ಕೊಂಡು ಹೋಗೋಕೆ. ಫ್ರೆಂಡ್ಸ್ ಅದು ಫ್ಯಾನ್ಸಿ ಡ್ರೆಸ್ ಥರ ಕಾಣತ್ತೆ ಅಂತಾರೆ, ದೊಡ್ಡಪ್ಪ ಒಡವೆ ಮನೆ ದಾಟಬಾರದು ಅಂತಾರೆ, ನನ್ನ ಕಸಿನ್ ಅಂತೂ ಅವಾರ್ಡ್ ಎಲ್ಲಾ ಸೆಟ್ಟಿಂಗು, ದುಡ್ಡು ಕೊಟ್ಟೋರಿಗೆ ಸಿಗೋದು, ಇಷ್ಟು ಖರ್ಚು ಯಾಕೆ ಅಂತಾನೆ. ಅವನ ಮಾತು ಪೂರ್ತಿ ಸುಳ್ಳು ಅಂತ ಹೇಳೋಕೂ ಆಗ್ತಿಲ್ಲ, ಯಾಕಂದ್ರೆ ನನಗೆ ಇಷ್ಟವಾದ ಸಿನಿಮಾಗಳಿಗೆ ಅವಾರ್ಡ್ ಬರೋದೇ ಇಲ್ಲ. ನನ್ನ ಟೇಸ್ಟೇ ಸರಿ ಇಲ್ವಾ? ಇನ್ನೊಂದು, ನಮ್ಮ ಡೈರೆಕ್ಟರ್ ಕುಪ್ಯಚೇಲೆ (ಕೊಡವ ಗಂಡಸರ ನಿಲುವಂಗಿ, ಸೊಂಟಪಟ್ಟಿ) ಹಾಕಿ ಪೀಚೆಕತ್ತಿ (ಸೊಂಟಕ್ಕೆ ಸಿಗಿಸೋ ಕತ್ತಿ) ಸಿಗಿಸ್ಕೊಂಡು ಬರ್ತೀನಿ ಅಂತಿದಾನೆ, ಒಳಗೆ ಬಿಡ್ತಾರಾ?"

ಉತ್ತರ

ಮೊದಲು ನಾಮಿನೇಶನ್‌ಗೆ ಶಹಬ್ಬಾಸ್. ಲೈನ್ ಮನೆ ಕಥೆಗೆ ಕಾಸ್ಟ್ಯೂಮ್ ಮಾಡೋದು ರಾಜರ ಕಥೆಗೆ ಮಾಡೋದಕ್ಕಿಂತ ಕಷ್ಟ, ಅದಕ್ಕೆ ಆಮೇಲೆ ಬರ್ತೀನಿ.

ನಿಮ್ಮ ಪತ್ರ ಮೇಲಿಂದ ನೋಡಿದ್ರೆ ಬಟ್ಟೆ ಬಗ್ಗೆ ಇದೆ, ಆದ್ರೆ ನಿಮ್ಮನ್ನ ಕೊರೀತಿರೋದು ಬೇರೆ ಅನ್ಸತ್ತೆ. ಅಷ್ಟು ದೊಡ್ಡವರ ಮಧ್ಯೆ ನಾವು ಎಲ್ಲಿಂದಲೋ ಬಂದು ನಿಂತಂಗೆ ಕಾಣ್ತೀವಾ ಅನ್ನೋದು, ಆ ವೇದಿಕೆನೇ ಸುಳ್ಳಾಗಿದ್ರೆ ಇಷ್ಟೆಲ್ಲಾ ಒದ್ದಾಟ ಯಾಕೆ ಅನ್ನೋದು. ನಾನು ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟ್‌ನಲ್ಲಿ ಕೆಲಸ ಮಾಡ್ಕೊಂಡು ಬಂದೋಳು, ಫಂಕ್ಷನ್‌ಗಳಿಗೆ ಕಲಾವಿದರನ್ನ ರೆಡಿ ಮಾಡಿ ಕಳಿಸೋ ಕೆಲಸವೂ ಮಾಡಿದೀನಿ, ಕಾರ್ಪೆಟ್ ಪಕ್ಕ ಸೂಜಿ ದಾರ ಹಿಡ್ಕೊಂಡು ನಿಲ್ಲೋ ಜಾಗದಿಂದ ಕಂಡಿದ್ದನ್ನ ಹೇಳ್ತೀನಿ.

ಕಸಿನ್ ಮಾತಿಂದಾನೇ ಶುರು ಮಾಡೋಣ. ಎಲ್ಲಾ ಅವಾರ್ಡನ್ನೂ ಒಂದೇ ಚೀಲಕ್ಕೆ ತುಂಬಿ ಸೆಟ್ಟಿಂಗ್ ಅಂದ್ಬಿಟ್ರೆ ಮಾತಾಡೋಕೆ ಸುಲಭ, ಆದ್ರೆ ಒಂದೊಂದು ಅವಾರ್ಡ್ ನಡೆಯೋ ರೀತಿನೇ ಬೇರೆ ಬೇರೆ. ರಾಷ್ಟ್ರ ಪ್ರಶಸ್ತಿ ತಗೊಳ್ಳಿ, ಅಲ್ಲಿ ಜನರ ಓಟು ಅನ್ನೋದೇ ಇಲ್ಲ, ಜ್ಯೂರಿ ಕೂತು ನೋಡತ್ತೆ, ಆ ವರ್ಷ ಸೆನ್ಸಾರ್ ಆದ ಸಿನಿಮಾ ಆಗಿರ್ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಎಂಟ್ರಿ ಕಳಿಸಿರ್ಬೇಕು. "ಆ ಸಿನಿಮಾಗೆ ಯಾಕೆ ಬರ್ಲಿಲ್ಲ" ಅಂತ ನಾವು ಕೂಗಾಡೋ ಎಷ್ಟೋ ಸಿನಿಮಾಗಳ ಎಂಟ್ರಿನೇ ಹೋಗಿರಲ್ಲ, ಪ್ರೊಡ್ಯೂಸರ್‌ಗೆ ರಿಲೀಸ್ ಆದ್ಮೇಲೆ ಫಾರ್ಮ್ ತುಂಬೋ ಉತ್ಸಾಹವೇ ಉಳಿದಿರಲ್ಲ. ಮತ್ತೆ ಆ ಪ್ರಶಸ್ತಿ ಪಟ್ಟಿ ಸ್ವಲ್ಪ ನೋಡಿ: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ, ಈ ಆರೂ ಕನ್ನಡ ಸಿನಿಮಾಗಳು ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ತಗೊಂಡಿವೆ. ದುಡ್ಡು ಸುರಿದು ಅವಾರ್ಡ್ ಕೊಳ್ಳೋ ಶಕ್ತಿ ಇದ್ದ ಸಿನಿಮಾಗಳಾ ಅವು? ಜ್ಯೂರಿಗೆ ಒಲವು ಇರಲ್ಲ ಅಂತ ನಾನು ಹೇಳ್ತಿಲ್ಲ, ಇದ್ದೇ ಇರತ್ತೆ, ಪ್ರತಿ ವರ್ಷ ಬದಲಾಗೋ ಜ್ಯೂರಿ ಜೊತೆ ಆ ಒಲವೂ ಬದಲಾಗತ್ತೆ.

ಆಸ್ಕರ್ ಕಥೆ ಇನ್ನೊಂದು ಥರ. ಅದನ್ನ ಕೊಡೋ ಅಕಾಡೆಮಿಯಲ್ಲಿ ಸದಸ್ಯರು ಹತ್ತು ಸಾವಿರಕ್ಕೂ ಜಾಸ್ತಿ ಇದಾರೆ. ನಾಮಿನೇಶನ್ ಹಂತದಲ್ಲಿ ಬಹುಪಾಲು ವಿಭಾಗಗಳಲ್ಲಿ ಆಯಾ ಕೆಲಸದವರೇ ಆರಿಸ್ತಾರೆ, ಅಂದ್ರೆ ಕಾಸ್ಟ್ಯೂಮ್‌ಗೆ ಕಾಸ್ಟ್ಯೂಮ್‌ನವರು, ಎಡಿಟಿಂಗ್‌ಗೆ ಎಡಿಟರ್‌ಗಳು, ಆಮೇಲೆ ಕೊನೇ ಓಟು ಎಲ್ಲರದ್ದು. ಎಣಿಸೋದು ಹೊರಗಿನ ಲೆಕ್ಕಪತ್ರದ ಕಂಪನಿ, ಅದು 1930ರ ದಶಕದಿಂದಾನೂ ಹಾಗೇ ಇದೆ. 2017ರಲ್ಲಿ ವೇದಿಕೆ ಮೇಲೆ ತಪ್ಪು ಕವರ್ ಕೈಗೆ ಹೋಗಿ ಲಾ ಲಾ ಲ್ಯಾಂಡ್ ಅಂತ ಕೂಗಿ, ಅವರೆಲ್ಲಾ ಮೇಲೆ ಬಂದು ಥ್ಯಾಂಕ್ಸ್ ಹೇಳ್ತಾ ಇರುವಾಗ್ಲೇ ಅಲ್ಲ ಅಲ್ಲ ಮೂನ್‌ಲೈಟ್ ಅಂತ ತಿದ್ದಿದ್ರಲ್ಲ, ನೀವೂ ನೋಡಿರ್ತೀರಿ. ಎಲ್ಲಾ ಮೊದಲೇ ಸೆಟ್ ಮಾಡಿಟ್ಟ ಜಾಗದಲ್ಲಿ ಅಂಥಾ ಎಡವಟ್ಟು ಆಗಲ್ಲ.

ಈಗ ನಿಮ್ಮ ಟೇಸ್ಟ್ ವಿಷಯ. ಅಲ್ಲಿ ಬೆಸ್ಟ್ ಪಿಕ್ಚರ್ ಓಟು ಸೀದಾ ಸೀದಾ "ಯಾವುದು ಇಷ್ಟ" ಅಂತ ಅಲ್ಲ. ಹತ್ತು ಸಿನಿಮಾನ ಒಂದರಿಂದ ಹತ್ತರವರೆಗೆ ಸಾಲಾಗಿ ಬರೀಬೇಕು, ಮೊದಲನೇ ಆಯ್ಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರೆ ಕಡೇ ಸಿನಿಮಾನ ತೆಗೆದು ಆ ಓಟುಗಳನ್ನ ಅವರವರ ಮುಂದಿನ ಆಯ್ಕೆಗೆ ಹಂಚ್ತಾರೆ, ಹಾಗೇ ಮಾಡ್ತಾ ಮಾಡ್ತಾ ಒಂದು ಉಳಿಯತ್ತೆ. ಇದ್ರಿಂದ ಏನಾಗತ್ತೆ ಅಂದ್ರೆ ಅರ್ಧ ಜನ ಪ್ರಾಣ ಬಿಡೋವಷ್ಟು ಇಷ್ಟಪಟ್ಟು ಇನ್ನರ್ಧ ಜನ ಮುಖ ತಿರುಗಿಸೋ ಸಿನಿಮಾ ಸೋಲತ್ತೆ, ಎಲ್ಲರೂ "ಪರ್ವಾಗಿಲ್ಲ, ಚೆನ್ನಾಗೇ ಇದೆ" ಅಂತ ಎರಡನೇದೋ ಮೂರನೇದೋ ಬರೆದ ಸಿನಿಮಾ ಗೆದ್ದುಬಿಡತ್ತೆ. ನಿಮಗೆ ಖಾರವಾದ ಸಿನಿಮಾಗಳು ಇಷ್ಟ ಅಂತ ಕಾಣತ್ತೆ, ಅಂಥವಕ್ಕೆ ಈ ಲೆಕ್ಕ ಒಗ್ಗಲ್ಲ ಅಷ್ಟೇ. ಇನ್ನೊಂದು ತಮಾಷೆ, ನಾಮಿನೇಟ್ ಆದ ಸಿನಿಮಾ ಎಲ್ಲಾ ನೋಡಿದ್ರೆ ಮಾತ್ರ ಆ ವಿಭಾಗದಲ್ಲಿ ಓಟು ಹಾಕ್ಬೇಕು ಅನ್ನೋ ರೂಲ್ ತಂದಿದ್ದು 2025ರಲ್ಲಿ. ಅಲ್ಲಿವರೆಗೆ ನೋಡದೇನೂ ಹಾಕಬಹುದಿತ್ತು ಅಂತ ಆಯ್ತಲ್ಲ!

ನಮ್ಮ ಕಡೆ ಓಡಾಡೋ ಸುದ್ದಿಗಳಲ್ಲಿ ಒಂದು ಗಲಿಬಿಲಿ ಯಾವಾಗ್ಲೂ ಇರತ್ತೆ. 2023ರ ಜನವರೀಲಿ ಕಾಂತಾರ ಆಸ್ಕರ್ ಲಿಸ್ಟ್ ಸೇರ್ತು ಅಂತ ಸಂಭ್ರಮ ಪಟ್ವಿ. ಆ ಲಿಸ್ಟ್‌ನಲ್ಲಿ ಇದ್ದಿದ್ದು 301 ಸಿನಿಮಾ, ಅಮೆರಿಕದ ನಿಗದಿತ ಊರುಗಳಲ್ಲಿ ಒಂದು ವಾರ ಥಿಯೇಟರ್‌ನಲ್ಲಿ ಓಡಿ ಫಾರ್ಮ್ ಸರಿಯಾಗಿ ತುಂಬಿದ ಸಿನಿಮಾಗಳ ಅರ್ಹತಾ ಪಟ್ಟಿ ಅದು. ನಾಮಿನೇಶನ್ ಅಲ್ಲ, ಶಾರ್ಟ್‌ಲಿಸ್ಟೂ ಅಲ್ಲ. ಅದೇ ಸಿನಿಮಾಗೆ ಮುಂದೆ 2024ರಲ್ಲಿ ರಿಷಬ್ ಶೆಟ್ಟಿಗೆ ರಾಷ್ಟ್ರ ಪ್ರಶಸ್ತಿ ಬಂತು, ಅದು ಗಟ್ಟಿ ಗೌರವ. ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ವಿಷಯದಲ್ಲೂ ಹಾಗೇ, ಅಲ್ಲಿ ಫಿಲ್ಮ್ ಮಾರ್ಕೆಟ್ ಅಂತ ಒಂದಿದೆ, ದುಡ್ಡು ಕಟ್ಟಿ ಸ್ಕ್ರೀನ್ ತಗೊಂಡು ತಮ್ಮ ಸಿನಿಮಾನ ಖರೀದಿದಾರರಿಗೆ ತೋರಿಸ್ಬಹುದು, ಅದು ವ್ಯಾಪಾರ, ತಪ್ಪೇನಿಲ್ಲ, ಆದ್ರೆ ಊರಿಗೆ ಬಂದು "ಕಾನ್‌ನಲ್ಲಿ ಪ್ರದರ್ಶನ" ಅಂತ ಪೋಸ್ಟರ್ ಹಾಕಿದಾಗ ಜನ ಬೇರೇನೇ ಅಂದ್ಕೋತಾರೆ. ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಶಾರ್ಟ್ ಫಿಲ್ಮ್ 2024ರಲ್ಲಿ ಕಾನ್‌ನ ಲಾ ಸಿನೆಫ್ ವಿಭಾಗದಲ್ಲಿ ಮೊದಲನೇ ಬಹುಮಾನ ತಗೊಂಡಿತ್ತು, ಫಿಲ್ಮ್ ಸ್ಕೂಲ್ ವಿದ್ಯಾರ್ಥಿಗಳ ಸ್ಪರ್ಧೆ ಅದು, ನಿಜವಾಗ್ಲೂ ಆಯ್ಕೆಯಾಗಿ ಸ್ಪರ್ಧಿಸಿ ಗೆದ್ದಿದ್ದು. ಇವೆರಡಕ್ಕೂ ಇರೋ ವ್ಯತ್ಯಾಸ ನೀವು ಕಸಿನ್‌ಗೆ ಹೇಳಿ.

ಹಾಗಂತ ಅವನ ಮಾತಲ್ಲಿ ಹುರುಳೇ ಇಲ್ವಾ ಅಂದ್ರೆ, ಇದೆ. ಖಾಸಗಿ ಅವಾರ್ಡ್ ಫಂಕ್ಷನ್ ಅಂದ್ರೆ ಮೊದಲು ಅದೊಂದು ಟಿವಿ ಕಾರ್ಯಕ್ರಮ, ಸ್ಪಾನ್ಸರ್ ದುಡ್ಡಲ್ಲಿ ನಡೆಯತ್ತೆ, ಸ್ಟಾರ್ ಬರ್ಲಿಲ್ಲ ಅಂದ್ರೆ ಸ್ಪಾನ್ಸರ್ ಮುಖ ಸಿಂಡರಿಸ್ಕೋತಾರೆ. ಅದಕ್ಕೆ ಕೆಲವು ಕಡೆ ಬಂದವರು ಬರಿಗೈಲಿ ಹೋಗಬಾರದು ಅಂತ ವಿಶೇಷ ಪ್ರಶಸ್ತಿ, ಸ್ಟೈಲ್ ಐಕಾನ್ ಗಿಯಕಾನ್ ಅಂತ ಹೊಸ ಹೊಸ ವಿಭಾಗ ಹುಟ್ಟತ್ತೆ. ಇಂಥಾ ಕಡೆ ನೀವು ನೋಡ್ಬೇಕಾಗಿದ್ದು ಮೂರು ಸಂಗತಿ: ಜ್ಯೂರಿ ಯಾರು ಅಂತ ಹೆಸರು ಹಾಕಿದಾರಾ, ನಾಮಿನೇಶನ್ ಪಟ್ಟಿ ಮುಂಚೆನೇ ಹೊರಗೆ ಬಂದಿದೆಯಾ, ಎಂಟ್ರಿ ಫೀಸ್ ಆದ್ಮೇಲೆ ಮತ್ತೆ ಮತ್ತೆ "ಟ್ರೋಫಿ ಚಾರ್ಜ್" "ಟೇಬಲ್ ಚಾರ್ಜ್" ಅಂತ ದುಡ್ಡು ಕೇಳ್ತಿದಾರಾ. ಕಡೇದು ಕೇಳಿದ್ರೆ ಸುಮ್ನೆ ನಕ್ಕು ದೂರ ಸರೀರಿ. ನಿಮಗೆ ಪಾಸ್ ಅವರೇ ಕಳಿಸಿದಾರೆ, ದುಡ್ಡು ಕೇಳಿಲ್ಲ ಅಂತಾದ್ರೆ ನೆಮ್ಮದಿಯಾಗಿ ಹೋಗ್ಬನ್ನಿ.

ಇನ್ನು ಬಟ್ಟೆ. ಇಲ್ಲಿ ಒಂದು ಗುಟ್ಟು ಹೇಳ್ತೀನಿ, ಫೀಲ್ಡಲ್ಲಿ ಇರೋರಿಗೆ ಇದು ಗುಟ್ಟೇ ಅಲ್ಲ. ಟಿವೀಲಿ ನೀವು ನೋಡಿ "ಅಬ್ಬಾ, ಐವತ್ತು ಲಕ್ಷದ ಗೌನ್" ಅಂತ ಕಣ್ಣರಳಿಸೋ ಬಟ್ಟೆನ ಆಕೆ ಕೊಂಡಿರೋದು ಅಪರೂಪ. ಡಿಸೈನರ್ ಕಡೆಯಿಂದ ಬರತ್ತೆ, ಮೈಗೆ ಸರಿ ಮಾಡಿ ಹಾಕ್ತಾರೆ, ಫೋಟೋ ಆಗತ್ತೆ, ಮಾರನೇ ದಿನ ವಾಪಸ್ ಹೋಗತ್ತೆ. ಮದುವೆ ಮನೆಗೆ ಪಕ್ಕದ ಮನೆಯಿಂದ ತಂದ ದೊಡ್ಡ ಹಂಡೆ ಇದ್ದಂಗೆ, ಅಡುಗೆ ಮುಗೀತು, ತೊಳೆದು ಕೊಡು. 2015ರ ಆಸ್ಕರ್‌ಗೆ ಲುಪಿಟಾ ನ್ಯೋಂಗೋ ಸಾವಿರಾರು ಮುತ್ತು ಹೊಲಿದ ಒಂದು ಬಿಳಿ ಗೌನ್ ಹಾಕಿದ್ರಲ್ಲ, ಅದು ಹೋಟೆಲ್ ರೂಮಿಂದ ಕಳುವಾಯ್ತು, ಒಂದೂವರೆ ಲಕ್ಷ ಡಾಲರ್ ಬೆಲೆ ಅಂತ ಸುದ್ದಿಯೋ ಸುದ್ದಿ, ಎರಡು ದಿನಕ್ಕೆ ಅದೇ ಹೋಟೆಲ್‌ನ ಬಾತ್‌ರೂಮಲ್ಲಿ ಸಿಕ್ತು, ಮುತ್ತು ಅಸಲಿ ಅಲ್ಲ ಅಂತ ಕದ್ದವನೇ ಹೇಳ್ಕೊಂಡ ಅಂತ ಪತ್ರಿಕೆಗಳು ಬರೆದ್ವು. ಒಡವೆಯೂ ಹಾಗೇ, ಎಷ್ಟೋ ಸಲ ಒಡವೆ ಜೊತೆ ಕಾವಲಿನವರೂ ಬರ್ತಾರೆ. ಕಾನ್‌ನಲ್ಲಿ ಕಾಣೋ ನಮ್ಮ ದೇಶದ ಎಷ್ಟೋ ಮುಖಗಳು ಅಲ್ಲಿಗೆ ಹೋಗಿರೋದು ಸಿನಿಮಾ ತಗೊಂಡಲ್ಲ, ಯಾವುದೋ ಬ್ಯೂಟಿ ಬ್ರಾಂಡ್‌ನ ರಾಯಭಾರಿಯಾಗಿ.

ಹಂಗಾಗಿ ಬೊಟೀಕ್‌ನವರು ನಿಮಗೆ "ಸ್ಟಾರ್‌ಗಳ ಥರ" ಅಂತ ಮಾರ್ತಿರೋದರಲ್ಲಿ ಒಂದು ತಿರುವು ಇದೆ, ಸ್ಟಾರ್‌ಗಳು ಕೊಡದೇ ಇರೋ ದುಡ್ಡನ್ನ ನಿಮ್ಮ ಹತ್ರ ಕೇಳ್ತಿದಾರೆ. ಸ್ಟಾರ್‌ಗಳ ಹತ್ರ ಬಟ್ಟೆ ಬಿಚ್ಚಿ ಹೊಲಿಯೋಕೆ ಜನ, ಬಾಲ ಎತ್ತಿ ಹಿಡಿಯೋಕೆ ಜನ, ಕಾರ್ ಕಾರ್ಪೆಟ್ ತುದಿಗೇ ಬರತ್ತೆ. ನಿಮಗೆ ಪಾರ್ಕಿಂಗ್‌ನಿಂದ ನಡೀಬೇಕು, ಬೇರೆಯವರ ಅಳತೆಗೆ ಹೊಲಿದ ಗೌನನ್ನ ಕತ್ತರಿಸೋ ಹಾಗಿಲ್ಲ, ಹಿಂದೆ ಪಿನ್ ಹಾಕಿ ಸರಿ ಮಾಡ್ಬೇಕು, ಮೂರ್ನಾಲ್ಕು ಗಂಟೆ ಕುರ್ಚೀಲಿ ಕೂರಬೇಕು, ಯಾರಾದ್ರೂ ತುದಿ ಮೆಟ್ಟಿ ಹರಿದ್ರೆ ಡೆಪಾಸಿಟ್ ಗೋವಿಂದ. (ಉದ್ದ ಬಾಲದ ಗೌನ್ ಎಷ್ಟು ಕಾಟ ಅಂದ್ರೆ ಕಾನ್‌ನವರು 2025ರಲ್ಲಿ ಓಡಾಟಕ್ಕೂ ಕೂರೋದಕ್ಕೂ ಅಡ್ಡಿ ಆಗೋ ಬಟ್ಟೆ ಬೇಡ ಅಂತ ರೂಲ್‌ನಲ್ಲೇ ಬರೆದ್ರು.) ಆದ್ರೂ ಗೌನೇ ಬೇಕು ಅನ್ಸಿದ್ರೆ ತಗೊಳ್ಳಿ, ಆಸೆ ತಪ್ಪಲ್ಲ, ಆದ್ರೆ ತಗೊಳ್ಳೋವಾಗ ಅಂಗಡಿಯವರ ಎದುರೇ ಒಳಗೂ ಹೊರಗೂ ವಿಡಿಯೋ ಮಾಡಿ, ಮೊದಲೇ ಇರೋ ಕಲೆ, ಉದುರಿದ ಮಣಿ ಎಲ್ಲಾ ಅದರಲ್ಲಿ ಬರ್ಲಿ, ಯಾವುದಕ್ಕೆ ಎಷ್ಟು ಹಿಡ್ಕೋತಾರೆ ಅನ್ನೋದು ವಾಟ್ಸಾಪಲ್ಲಾದ್ರೂ ಬರಹದಲ್ಲಿರ್ಲಿ. ಇನ್ನೊಂದು ದಾರಿ, ಹೊಸ ಡಿಸೈನರ್‌ಗಳು ಫೋಟೋಗೆ ಟ್ಯಾಗ್ ಮಾಡಿದ್ರೆ ಸಾಕು ಅಂತ ಪುಕ್ಕಟೆ ಕೊಡ್ತಾರೆ, ಅದರಲ್ಲಿ ರಿಸ್ಕ್ ಏನಂದ್ರೆ ಬಟ್ಟೆ ಹಿಂದಿನ ದಿನ ರಾತ್ರಿ ಕೈಗೆ ಬರತ್ತೆ, ಆಗ ಸರಿ ಇಲ್ಲ ಅಂದ್ರೆ ಬೇರೆ ದಾರಿ ಇರಲ್ಲ.

ಸೀರೆ ಉಟ್ರೆ ಕ್ಯಾಮೆರಾ ನೋಡಲ್ಲ ಅನ್ನೋದು ಶುದ್ಧ ಸುಳ್ಳು. 2002ರಲ್ಲಿ ಐಶ್ವರ್ಯ ರೈ ಕಾನ್‌ಗೆ ಹಳದಿ ಸೀರೇಲಿ ಹೋಗಿದ್ದು ಇವತ್ತಿಗೂ ಜನ ಮರೆತಿಲ್ಲ. ಹಳೇ ಬಟ್ಟೆ ಅನ್ನೋ ಸಂಕೋಚ ಇದ್ರೆ ಅದನ್ನೂ ಬಿಡಿ, 2023ರಲ್ಲಿ ಆಲಿಯಾ ಭಟ್ ರಾಷ್ಟ್ರ ಪ್ರಶಸ್ತಿ ತಗೊಳ್ಳೋಕೆ ತಮ್ಮ ಮದುವೆ ಸೀರೆನೇ ಉಟ್ಕೊಂಡು ಬಂದ್ರು. ರೀಟಾ ಮೊರೆನೋ ಅಂತೂ 1962ರಲ್ಲಿ ಆಸ್ಕರ್ ಗೆದ್ದ ದಿನ ಹಾಕಿದ್ದ ಡ್ರೆಸ್ಸನ್ನ 2018ರ ಆಸ್ಕರ್‌ಗೆ ಮತ್ತೆ ಹಾಕಿದ್ರು, ಅವತ್ತು ಹೊಚ್ಚ ಹೊಸ ಗೌನ್ ಹಾಕಿದ ಎಷ್ಟೋ ಜನಕ್ಕಿಂತ ಅವರ ಬಗ್ಗೆನೇ ಮಾತು ಜಾಸ್ತಿ ಆಯ್ತು.

ಫ್ಯಾನ್ಸಿ ಡ್ರೆಸ್ ಅನ್ನೋ ಫ್ರೆಂಡ್ಸ್ ಮಾತನ್ನ ಪೂರ್ತಿ ತಳ್ಳಿ ಹಾಕಲ್ಲ ನಾನು. ಕೊಡವ ಸೀರೆ, ತಲೆಗೆ ವಸ್ತ್ರ, ಜೋಮಾಲೆ, ಪತ್ತಾಕ್, ಕೊಕ್ಕೆತಾತಿ ಅಂತ ಕುತ್ತಿಗೆ ತುಂಬಾ ಸರಗಳು, ಎರಡೂ ಕೈಗೆ ಕಡಗ, ಎಲ್ಲಾ ಒಟ್ಟಿಗೆ ಹೇರಿದ್ರೆ ಮದುಮಗಳು ದಾರಿ ತಪ್ಪಿ ಬಂದಂಗೆ ಕಾಣತ್ತೆ. ನಮ್ಮ ಮದುವೆಗಳಲ್ಲಿ ಕೂಡ ನೆಂಟರು ಅಷ್ಟೆಲ್ಲಾ ಹಾಕಲ್ಲ ಅಲ್ವಾ, ಸೀರೆ ಉಟ್ಟು ಒಂದು ಒಡವೆ ಹಾಕಿ ಆರಾಮಾಗಿ ಓಡಾಡ್ತಿರ್ತಾರೆ. ಆ ನೆಂಟರ ಲೆಕ್ಕದಲ್ಲಿ ಹೋಗಿ.

ಈಗ ಅಜ್ಜಿ ಸೀರೆ, ನನಗೆ ಹೆಚ್ಚು ಚಿಂತೆ ಇರೋದು ಇಲ್ಲೇ. ಕೊಡಗಿನ ಮಳೆಗಾಲ ಬೀರುವನ್ನ ಏನು ಮಾಡತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಚಪ್ಪಲಿ ಮೇಲೆ ಬೂಷ್ಟು, ಬೆಲ್ಟ್ ಮೇಲೆ ಬೂಷ್ಟು, ರೇಷ್ಮೆಯೂ ಅದೇ ಗಾಳೀಲಿ ಕೂತಿರತ್ತೆ. ಅದರ ಮೇಲೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ರೆ ಆ ಮಡಿಕೆ ಗೆರೆಯಲ್ಲೇ ನೂಲು ಸಾಯತ್ತೆ, ಹೊರಗೆ ನೋಡೋಕೆ ಹೊಸದರ ಥರ ಇದ್ರೂ ಉಟ್ಟು ಕೂತ ತಕ್ಷಣ ಪರ್ ಅಂತ ಸೀಳತ್ತೆ. ಅದಕ್ಕೆ ಉಡೋದಕ್ಕೆ ಮುಂಚೆ ಪರೀಕ್ಷೆ ಮಾಡಿ. ಹಗಲಲ್ಲಿ ಕಿಟಕಿ ಹತ್ರ ಸೀರೆ ಬಿಡಿಸಿ, ಮಡಿಕೆ ಬಿದ್ದಿರೋ ಜಾಗನ ಬೆಳಕಿಗೆ ಹಿಡೀರಿ, ಗೆರೆ ಉದ್ದಕ್ಕೂ ಸೂಜಿ ತೂತಿನ ಥರ ಬೆಳಕು ಕಾಣ್ತಾ ಇದ್ರೆ ಅಲ್ಲಿ ರೇಷ್ಮೆ ಬಿಟ್ಟಿದೆ ಅಂತ. ಆಮೇಲೆ ಒಳಗೆ ಸಿಗಿಸೋ ತುದೀಲಿ, ಕಾಣದ ಕಡೆ, ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಅಡ್ಡಕ್ಕೆ ಎಳೀರಿ. ಮೆತ್ತಗೆ ಬಗ್ಗಿದ್ರೆ ಸರಿ, ಒಣ ಎಲೆ ಥರ ಸದ್ದು ಮಾಡಿ ಬಿರಿದ್ರೆ ಆ ಸೀರೆನ ಉಡಬೇಡಿ, ಹಳೇ ಕಾಟನ್ ಪಂಚೇಲಿ ಸುತ್ತಿ ಒಳಗಿಡಿ. ಅಂಥಾ ಸೀರೆಗೆ ರಫೂ ಮಾಡಿಸಿದ್ರೂ ಪಕ್ಕದಲ್ಲೇ ಇನ್ನೊಂದು ಕಡೆ ಬಿಡತ್ತೆ. ಅದರ ಅಂಚು ಮಾತ್ರ ಗಟ್ಟಿ ಇದ್ರೆ ಬಿಡಿಸಿ ಹೊಸ ರೇಷ್ಮೆಗೆ ಕೂಡಿಸಬಹುದು, ಆದ್ರೆ ಕತ್ತರಿ ಹಾಕೋದಕ್ಕೆ ಮುಂಚೆ ಮನೆಯವರೆಲ್ಲಾ ಒಪ್ಪಿರ್ಬೇಕು, ಇಲ್ಲಾಂದ್ರೆ ಅವಾರ್ಡ್ ಮರೆತುಹೋದ್ರೂ ಆ ಜಗಳ ಉಳಿಯತ್ತೆ.

ಪರೀಕ್ಷೇಲಿ ಪಾಸ್ ಆಯ್ತು ಅಂತ ಇಟ್ಕೊಳ್ಳಿ. ಜರಿ ಕಪ್ಪಾಗಿದ್ರೆ ನಿಂಬೆಹಣ್ಣು, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ, ಹಳೇ ಜರಿ ಬೆಳ್ಳಿ ಎಳೆ, ಗಾಳಿಗೆ ಮಂಕಾಗೋದು ಅದರ ಗುಣ, ಫೋಟೋದಲ್ಲಿ ಆ ಮಂಕೇ ಚೆನ್ನಾಗಿ ಬರತ್ತೆ, ಹೊಸ ಜರಿ ಫ್ಲ್ಯಾಶ್‌ಗೆ ಕಣ್ಣು ಕುಕ್ಕತ್ತೆ. ನುಸಿಗುಳಿಗೆ ವಾಸನೆ ಹೋಗೋಕೆ ನೆರಳಲ್ಲಿ ಗಾಳಿಗೆ ಕೆಲವು ದಿನ ಹರಡಿ, ಸೆಂಟ್ ಹೊಡೀಬೇಡಿ. ಹಳೇ ಬ್ಲೌಸ್ ಬೇಡ, ಕಂಕುಳಲ್ಲಿ ಬೆವರಿಗೆ ಬಟ್ಟೆ ಸತ್ತಿರತ್ತೆ, ನಿಮಗೆ ಹೊಲಿಗೆ ಬರತ್ತಲ್ಲ, ಕಾಟನ್ ಲೈನಿಂಗ್ ಹಾಕಿ ಹೊಸದು ಹೊಲೀರಿ, ತೋಳು ಎತ್ತಿ ಟ್ರೋಫಿ ಹಿಡಿದಂಗೆ ಮಾಡಿ ನೋಡಿ ಎಲ್ಲಿ ಹಿಡಿಯತ್ತೆ ಅಂತ.

ನಮ್ಮ ಉಡುಗೆಯಲ್ಲಿ ಸೆರಗು ಬಲ ಭುಜದ ಮೇಲೆ ಬಂದು ಪಿನ್‌ಗೆ ನಿಲ್ಲತ್ತೆ, ಭಾರ ಎಲ್ಲಾ ಒಂದೇ ಜಾಗಕ್ಕೆ. ಹಳೇ ರೇಷ್ಮೆಗೆ ಬರೀ ಸೇಫ್ಟಿ ಪಿನ್ ಚುಚ್ಚಿದ್ರೆ ರಾತ್ರಿ ಮುಗಿಯೋ ಅಷ್ಟರಲ್ಲಿ ಅಲ್ಲಿ ತೂತು ಗ್ಯಾರಂಟಿ. ಸೆರಗಿನ ಒಳಮೈಗೆ, ಭುಜಕ್ಕೆ ಬರೋ ಕಡೆ, ಅಂಗೈ ಅಗಲದ ಮೆತ್ತನೆ ಕಾಟನ್ ತುಂಡನ್ನ ಸಣ್ಣ ಟಾಕಿ ಹಾಕಿ ಕೂರಿಸಿ, ಅದಕ್ಕೆ ಒಂದು ಟೇಪ್, ಬ್ಲೌಸ್ ಭುಜಕ್ಕೆ ಒಂದು ಹುಕ್. ಭಾರ ಕಾಟನ್ ಹೊರತ್ತೆ, ರೇಷ್ಮೆ ಸುಮ್ನೆ ಮೇಲೆ ಕೂತಿರತ್ತೆ, ಬ್ರೋಚ್ ಬರೀ ಚಂದಕ್ಕೆ.

ಕ್ಯಾಮೆರಾ ವಿಷಯ. ಕೊಡವ ಸೀರೆ ನೆರಿಗೆ ಹಿಂದೆ ಇರತ್ತೆ, ಮುಂದಿಂದ ನೋಡಿದ್ರೆ ಸಪಾಟು. ಕಾರ್ಪೆಟ್ ಮೇಲೆ ಎಲ್ಲರೂ ಎದುರಿಗೆ ನಿಂತು ಫೋಟೋ ಕೊಟ್ಟು ಹೋಗಿಬಿಡ್ತಾರೆ, ನೀವೂ ಹಾಗೇ ಮಾಡಿದ್ರೆ ಆ ಸೀರೆಯ ಅರ್ಧ ಸೊಗಸು ಯಾರಿಗೂ ಕಾಣಲ್ಲ. ಸ್ವಲ್ಪ ಓರೆ ತಿರುಗಿ, ಆಮೇಲೆ ಬೆನ್ನು ಕೊಟ್ಟು ಕತ್ತು ತಿರುಗಿಸಿ ಒಂದು ಪೋಸ್ ಕೊಡಿ, ಫೋಟೋಗ್ರಾಫರ್‌ಗಳು ತಾವೇ "ಮೇಡಂ ಇನ್ನೊಂದ್ಸಲ" ಅಂತಾರೆ. ಮುಂದೆ ನೆರಿಗೆ ಕಾಲಿಗೆ ಸಿಕ್ಕೋ ಭಯ ಇಲ್ಲ, ಮೆಟ್ಟಿಲು ಹತ್ತೋಕೆ ಇದರಷ್ಟು ಸುಲಭದ ಉಡುಗೆ ಇಲ್ಲ. ಕಷ್ಟ ಇರೋದು ಕೂರೋದ್ರಲ್ಲಿ, ಹಿಂದಿನ ನೆರಿಗೆ ಕುರ್ಚಿಗೆ ಒತ್ತಿ ಜಜ್ಜಿ ಹೋಗತ್ತೆ, ಅದಕ್ಕೆ ಮನೆಯಿಂದಾನೇ ಉಟ್ಕೊಂಡು ಹುಣಸೂರು ಮೈಸೂರು ದಾಟಿ ಅಷ್ಟು ದೂರ ಕಾರಲ್ಲಿ ಕೂತು ಬರೋ ಸಾಹಸ ಬೇಡ, ಬೆಂಗಳೂರಲ್ಲಿ ಉಡಿ. ಹಾಲ್‌ನಲ್ಲಿ ಕೂರುವಾಗ ನೆರಿಗೇನ ಕೈಯಲ್ಲಿ ಸವರಿ ಒಂದು ಪಕ್ಕಕ್ಕೆ ಸರಿಸಿ ಕೂರಿ, ನಮ್ಮ ಅವ್ವಂದಿರು ಮದುವೆ ಮಂಟಪದಲ್ಲಿ ಮಾಡೋದು ಅದನ್ನೇ.

ಹೋಗೋ ಮುಂಚೆ ಒಂದು ಸಂಜೆ ಲೈಟ್ ಆರಿಸಿ, ಪೂರ್ತಿ ಉಟ್ಟು, ಮೇಕಪ್ ಕೂಡ ಹಾಕಿ, ಫೋನ್ ಫ್ಲ್ಯಾಶಲ್ಲಿ ಮುಂದೆ ಹಿಂದೆ ಕೂತು ನಿಂತು ಫೋಟೋ ತೆಗೆಸಿ. ಕಣ್ಣಿಗೆ ಕಾಣದ ಎಷ್ಟೋ ಫ್ಲ್ಯಾಶ್‌ಗೆ ಕಾಣತ್ತೆ, ತೆಳು ಬಟ್ಟೆ ಒಳಗಿನ ಲಂಗದ ಗಡಿ ಕಾಣತ್ತೆ, ಸನ್‌ಸ್ಕ್ರೀನ್‌ನಲ್ಲಿ ಜಿಂಕ್ ಆಕ್ಸೈಡ್ ಇದ್ರೆ ಅಥವಾ ಮೇಲೆ ಸಿಲಿಕಾ ಪೌಡರ್ ಜಾಸ್ತಿ ಆದ್ರೆ ಮುಖ ಮಾತ್ರ ಬೆಳ್ಳಗೆ ಹಿಟ್ಟು ಬಳಿದಂಗೆ ಬರತ್ತೆ. ದೊಡ್ಡ ದೊಡ್ಡ ನಟಿಯರಿಗೂ ಈ ಗತಿ ಆಗಿದೆ, ನೀವೇ ನೋಡಿ ನಕ್ಕಿರ್ತೀರಿ, ಮುಂದಿನ ಸಲ ನಗೋವಾಗ ಕಾರಣ ನೆನಪಿರ್ಲಿ.

ಒಡವೆ ವಿಷಯದಲ್ಲಿ ದೊಡ್ಡಪ್ಪನ ಕಡೆ ನಾನು. ಅವರ ಭಯ ಹಳೇ ಕಾಲದ್ದಲ್ಲ, ನೂಕುನುಗ್ಗಲು ಇರತ್ತೆ, ಮೇಕಪ್ ರೂಮಲ್ಲಿ ಹತ್ತು ಜನ ಓಡಾಡ್ತಿರ್ತಾರೆ, ನಿಮ್ಮ ಗಮನ ಬೇರೆ ಕಡೆ. ಒಂದೇ ಒಡವೆ ತಗೊಂಡು ಹೋಗ್ತೀನಿ, ಹೋಟೆಲ್ ರೂಮಲ್ಲಿ ಬಿಡಲ್ಲ, ಮನೆಯವರೊಬ್ಬರು ಜೊತೆಗೇ ಇರ್ತಾರೆ ಅಂತ ಹೇಳಿ ಕೇಳಿ ನೋಡಿ, ಒಪ್ಪಿದ್ರೆ ಮುಂಚೆ ಅಕ್ಕಸಾಲಿಗರ ಹತ್ರ ಕೊಂಡಿ, ಪೋಣಿಸಿರೋ ದಾರ ಗಟ್ಟಿ ಇದೆಯಾ ನೋಡಿಸಿ, ತೂಕ ಹಾಕಿಸಿ ಚೀಟಿ ಬರೆಸಿ, ಫೋಟೋ ತೆಗೆದಿಡಿ. ಒಪ್ಪಲಿಲ್ಲ ಅಂದ್ರೆ ಬೆಳ್ಳಿ ಮೇಲೆ ಚಿನ್ನದ ನೀರು ಹಾಕಿದ ಕೊಕ್ಕೆತಾತಿ ಮಾಡಿಸ್ಕೊಳ್ಳಿ, ಫೋಟೋದಲ್ಲಿ ನನಗೇ ಗೊತ್ತಾಗಲ್ಲ, ಇನ್ಯಾರಿಗೆ ಗೊತ್ತಾಗತ್ತೆ.

ನಿಮ್ಮ ಕೆಲಸದ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಕಾಸ್ಟ್ಯೂಮ್ ಅವಾರ್ಡ್ ಪಟ್ಟಿ ತೆಗೆದು ನೋಡಿ, ಆಸ್ಕರ್ ಇರ್ಲಿ ನಮ್ಮದೇ ಇರ್ಲಿ, ಬಹುಪಾಲು ಹಳೇ ಕಾಲದ ಕಥೆ, ಇಲ್ಲಾ ರಾಜರಾಣಿ, ಇಲ್ಲಾ ಕಲ್ಪನಾ ಲೋಕ. ನಮ್ಮ ದೇಶಕ್ಕೆ ಮೊದಲ ಆಸ್ಕರ್ ತಂದುಕೊಟ್ಟಿದ್ದೇ ಒಬ್ಬ ಕಾಸ್ಟ್ಯೂಮ್ ಡಿಸೈನರ್, ಭಾನು ಅಥೈಯಾ, 1983ರಲ್ಲಿ, ಗಾಂಧಿ ಸಿನಿಮಾಗೆ, ಜಾನ್ ಮೊಲ್ಲೊ ಜೊತೆ. ಆ ಸಿನಿಮಾದಲ್ಲಿ ಮಿರಿಮಿರಿ ಬಟ್ಟೆ ಇಲ್ಲ, ಖಾದಿ ಇದೆ, ಜನಜಂಗುಳಿ ಇದೆ, ವಯಸ್ಸಾಗ್ತಾ ಹೋಗೋ ಒಬ್ಬ ಮನುಷ್ಯನ ಮೈಮೇಲಿನ ಬಟ್ಟೆ ಬದಲಾಗ್ತಾ ಹೋಗತ್ತೆ, 2012ರಲ್ಲಿ ಭಾನು ಅವರು ಆ ಟ್ರೋಫಿನ ಇಲ್ಲಿ ಜೋಪಾನ ಮಾಡೋಕೆ ಆಗಲ್ಲ ಅಂತ ಅಕಾಡೆಮಿಗೇ ವಾಪಸ್ ಕೊಟ್ಟಿದ್ದು ಬೇರೆ ಬೇಜಾರಿನ ಕಥೆ. ಇವತ್ತಿನ ಬಡವರ ಮನೆ ಬಟ್ಟೆಗೆ ಮಾತ್ರ ಯಾರೂ ಅವಾರ್ಡ್ ಕೊಡಲ್ಲ, ಕೆಲಸ ಅಂತಾನೇ ಅನ್ಸಲ್ಲ ಅವರಿಗೆ. ಹೊಸ ಸೀರೆನ ಟೀ ಡಿಕಾಕ್ಷನಲ್ಲಿ ಅದ್ದಿ, ಮಂಡಿ ಕೂರೋ ಜಾಗದಲ್ಲಿ ಉಪ್ಪು ಕಾಗದ ಉಜ್ಜಿ, ಸೊಂಟಕ್ಕೆ ಕಾಫಿ ಕುಯ್ಯೋ ಚೀಲ ಕಟ್ಟೋ ಕಡೆ ಮಾತ್ರ ಬಣ್ಣ ಬಿಡಿಸಿ ಮಾಡೋದಿದೆಯಲ್ಲ, ಅದು ಸರಿಯಾಗಿ ಬಂದಾಗ ನೋಡೋರಿಗೆ ಕಾಣೋದೇ ಇಲ್ಲ. ನಿಮ್ಮ ವಿಭಾಗ ಗೆಲ್ಲದೇ ಇರಬಹುದು. ಕಾರ್ಪೆಟ್ ಮೇಲೆ ಯಾರಾದ್ರೂ ಮೈಕ್ ಹಿಡಿದು "ಏನು ಹಾಕಿದೀರಿ" ಅಂತ ಕೇಳಿದ್ರೆ ಎರಡು ಮಾತಲ್ಲಿ ಸೀರೆ ಬಗ್ಗೆ ಹೇಳಿ, ಮೂರನೇ ಮಾತಲ್ಲಿ ಸಿನಿಮಾದ ಬಟ್ಟೆ ಹೇಗೆ ಮಾಡಿದೆ ಅಂತ ಹೇಳಿಬಿಡಿ, ಅಲ್ಲಿ ನಿಮ್ಮ ಮುಂದಿನ ಕೆಲಸ ಕೊಡೋ ಡೈರೆಕ್ಟರ್‌ಗಳೂ ಇರ್ತಾರೆ.

ಕಡೇದಾಗಿ ನಿಮ್ಮ ಡೈರೆಕ್ಟರ್. ಕುಪ್ಯಚೇಲೆ ಧಾರಾಳವಾಗಿ ಹಾಕ್ಲಿ, ಕಪ್ಪು ಕುಪ್ಯ, ಕೆಂಪು ಚೇಲೆ ಆ ಲೈಟಿಗೆ ಬೇರೆಲ್ಲಾ ಸೂಟುಗಳನ್ನ ಮಂಕು ಮಾಡತ್ತೆ. ಪೀಚೆಕತ್ತಿ ಮಾತ್ರ ತೊಂದರೆ. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಇರತ್ತೆ, ಅಲ್ಲಿ ನಿಂತಿರೋ ಸೆಕ್ಯೂರಿಟಿ ಹುಡುಗನಿಗೆ ಅದು ಸಂಪ್ರದಾಯ ಅಂತ ಗೊತ್ತಿರಲ್ಲ, ಅವನ ಲೆಕ್ಕದಲ್ಲಿ ಅದು ಚಾಕು, ಅವನು ತನ್ನ ಕೆಲಸ ಮಾಡ್ತಾನೆ, ಅಲ್ಲಿ ವಾದ ಮಾಡ್ತಾ ನಿಂತ್ರೆ ಹಿಂದೆ ಸಾಲು ಬೆಳೆಯತ್ತೆ, ಕೊನೆಗೆ ಬೆಳ್ಳಿ ಕಟ್ಟಿದ ಕತ್ತಿನ ಯಾವುದೋ ಪ್ಲಾಸ್ಟಿಕ್ ಟ್ರೇಲಿ ಬಿಟ್ಟು ಒಳಗೆ ಹೋಗ್ಬೇಕಾಗತ್ತೆ. ಪಾಸ್ ಮೇಲಿರೋ ನಂಬರ್‌ಗೆ ಮೊದಲೇ ಫೋನ್ ಮಾಡಿ ಕೇಳಿ, ಬಿಡ್ತೀವಿ ಅಂದ್ರೆ ಅದನ್ನ ಮೆಸೇಜಲ್ಲಿ ಬರೆಸ್ಕೊಂಡು ಬಾಗಿಲಲ್ಲಿ ತೋರಿಸಿ, ಇಲ್ಲ ಅಂದ್ರೆ ಅಲಗು ಮನೇಲಿ ಬಿಟ್ಟು ಬರೀ ಒರೆನ ಚೇಲೆಗೆ ಸಿಗಿಸ್ಕೊಂಡು ಬರ್ಲಿ. ಅದೇ ಫೋನಲ್ಲಿ ಡ್ರೆಸ್ ಕೋಡ್ ಏನಾದ್ರೂ ಇದೆಯಾ, ಕಾರ್ಪೆಟ್ ಎಷ್ಟು ಗಂಟೆಗೆ ಶುರು, ಟೀಮಲ್ಲಿ ಎಷ್ಟು ಜನಕ್ಕೆ ಕಾರ್ಪೆಟ್, ಎಷ್ಟು ಜನಕ್ಕೆ ಬರೀ ಹಾಲ್ ಅಂತಾನೂ ಕೇಳ್ಕೊಳ್ಳಿ. ಎಷ್ಟೋ ಸಲ ಪಾಸ್ ಇದ್ದೋರಿಗೆಲ್ಲಾ ಕಾರ್ಪೆಟ್ ಇರಲ್ಲ, ಪಕ್ಕದ ಗೇಟಲ್ಲಿ ಕಳಿಸ್ತಾರೆ, ಅದನ್ನ ಅಲ್ಲಿಗೆ ಹೋದ್ಮೇಲೆ ತಿಳ್ಕೊಳ್ಳೋದಕ್ಕಿಂತ ಈಗ್ಲೇ ತಿಳ್ಕೊಳ್ಳೋದು ವಾಸಿ.